ಕುಂಟು ಬಲ್ಬು

ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು, ಎಷ್ಟು ನುಣ್ಣಗೆ ಉಬ್ಬುತ್ತಿದೆ ಹಾಳಾದ್ದು, ಎಣ್ಣೆ ಕುಡಿದ ಬಾಗಿಲಿನ ಹಾಗೆ, ಎಲ್ಲೂ ಒಂದು ತೊಡಕಿಲ್ಲ, ಒಂದು ಎಡವುವಿಕೆಯಿಲ್ಲ — ಅದೇ ತಾನೇ ಅವನ ಎದೆಗೆ ಇಕ್ಕಳ ಹಾಕಿರುವುದು — ಗಿಟಾರಿನ ದಪ್ಪ ತಂತಿಯನ್ನು ಇನ್ನೊಮ್ಮೆ ಮೀಟಿ, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಅಂಗಾತ ಬಿದ್ದಿರುವ ಪೆಡಲಿನೊಳಗೆ ಇಣುಕುತ್ತಾನೆ, ಊಟದ ಡಬ್ಬಿಯಷ್ಟು ತಗಡಿನ ಪೆಟ್ಟಿಗೆ, ಒಳಗೆ ಅಕ್ಕಿಕಾಳಿನಂಥ ಒಂದು ಬಲ್ಬು ಬೆಳಗುತ್ತದೆ, ಮಂಕಾಗುತ್ತದೆ, ಬೆಳಗುತ್ತದೆ, ಅದರ ಸುತ್ತ ಕೂತ ನಾಲ್ಕು ಪುಟಾಣಿ ಕಣ್ಣುಗಳು ಆ ಬೆಳಕನ್ನು ನೋಡಿ ನೋಡಿ ಗಿಟಾರಿನ ದನಿಯನ್ನು ತೊಟ್ಟಿಲಿಗೆ ಹಾಕಿ ತೂಗುತ್ತವೆ, ಅಷ್ಟೇ ಅದರ ಕೆಲಸ, ನೆಟ್ಟಗಿನ ದನಿಯನ್ನು ಅಲೆಯಾಗಿಸುವುದು, ಮತ್ತು ಆ ಅಲೆ ಇವತ್ತು ಬೆಳಗಿನ ತಿಂಡಿಯ ಹೊತ್ತಿನವರೆಗೂ ಕುಂಟುತ್ತಿತ್ತು, ಒಂದು ಕಾಲು ಗಿಡ್ಡವಾದ ಸ್ಟೂಲಿನ ಹಾಗೆ ಕುಂಟುತ್ತಿತ್ತು, ಅದನ್ನು ಇವನು ಕೈಯಾರೆ, ಯಾರೂ ಹೇಳದಿದ್ದರೂ, ಯಾರೂ ಬೇಡದಿದ್ದರೂ, ನೆಟ್ಟಗೆ ಮಾಡಿಬಿಟ್ಟ. ಮಾಡದೆ ಬಿಡುತ್ತಾನೆಯೇ, ಅವನ ಕಿವಿ ಎಂಥ ಕಿವಿ, ನಾಲ್ಕು ಬೀದಿಯಾಚೆ ಇರುವೆ ಸೀನಿದರೆ ಯಾವ ಸ್ವರದಲ್ಲಿ ಸೀನಿತು ಎಂದು ಹೇಳುವ ಕಿವಿ, ಫ್ರಿಜ್ಜಿನ ಗುಂಯ್‌ಗಾಟ ಅರ್ಧ ಸ್ವರ ಇಳಿದಿದೆ ಎಂದು ರಿಪೇರಿಯವನನ್ನು ಕರೆಸಿ, ಅವನು ಬಂದು ನೋಡಿ, ಸ್ವಾಮಿ ಇದು ಫ್ರಿಜ್ಜು, ಹಾರ್ಮೋನಿಯಂ ಅಲ್ಲ ಎಂದು ಬೈದುಕೊಂಡು ಹೋದಂಥ ಕಿವಿ, ಅಂಥ ಕಿವಿಗೆ ಕುಂಟು ಅಲೆ ಹಿಡಿಸುತ್ತದೆಯೇ, ಅಕ್ಕ ಬರುತ್ತಾಳೆ, ಬಹಳ ದಿನದ ಮೇಲೆ ಬರುತ್ತಾಳೆ, ಅವಳು ಮಾಡಿಕೊಟ್ಟ ಪೆಟ್ಟಿಗೆಯನ್ನು ಫಳಫಳ ಮಾಡಿ ಕೊಟ್ಟರೆ ಹಿಗ್ಗುತ್ತಾಳೆ ಎಂದುಕೊಂಡೇ ತಾನೇ ಬೆಳಿಗ್ಗೆ ಹಿಂದಿನ ತಗಡು ಬಿಚ್ಚಿದ್ದು, ಅಟ್ಟದಿಂದ ಇಳಿಸಿದಾಗ ಅದರ ಮೇಲೆ ಭತ್ತ ಬಿತ್ತಬಹುದಾದಷ್ಟು ಧೂಳಿತ್ತು, ಊದಿದ, ಒರೆಸಿದ, ಹತ್ತಿಗೆ ಸ್ಪಿರಿಟ್ ಹಾಕಿ ತಿಕ್ಕಿದ, ಆಮೇಲೆ ಮೂಲೆಯಲ್ಲಿ ಕಂಡಿತು, ಒಂದು ಸಣ್ಣ ಸ್ಕ್ರೂ, ಅದರ ತಲೆಯ ಮೇಲೆ ಒಣಗಿದ ಕೆಂಪು ಕೊಳೆ, ಛೆ, ಇದೇನು ತುಕ್ಕೋ, ಯಾವುದೋ ಕೀಟದ ಮೊಟ್ಟೆಯೋ, ಹೆಬ್ಬೆರಳಿನ ಉಗುರು ಕೊಟ್ಟು ಕೆರೆದ, ಟಿಕ್ ಎಂದಿತು, ಕೆಂಪು ಚೂರು ಎದ್ದುಬಂತು, ಅರ್ಧ ಗಾಳಿಗೆ ಹಾರಿತು, ಅರ್ಧ ಉಗುರಿನ ಸಂದಿಯಲ್ಲಿ ಕೂತಿತು.

ಈಗಲೂ ಅಲ್ಲೇ ಕೂತಿದೆ, ತಂತಿ ಮೀಟಿದಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ನೋಡಬಾರದು, ಕೆಲಸ ನೋಡಬೇಕು, ಅಕ್ಕ ಬರುವಷ್ಟರಲ್ಲಿ ಆ ಕುಂಟನ್ನು ವಾಪಸ್ ತರಬೇಕು, ಹುಡುಕಿದರೆ ಸಿಗದೆ ಎಲ್ಲಿ ಹೋಗುತ್ತದೆ, ಪೆಟ್ಟಿಗೆಯೊಳಗೇ ತಾನೇ ಇದೆ, ಮೊದಲು ಹೊರಗಿನ ನಾಬುಗಳು, ವೇಗ ಅಂತ ಒಂದು, ಆಳ ಅಂತ ಒಂದು, ಅಕ್ಕನೇ ಬಿಳಿ ಬಣ್ಣದಲ್ಲಿ ಬರೆದದ್ದು, ಆಳದ ಳ ಕಾರವನ್ನು ಎಷ್ಟು ದೊಡ್ಡದಾಗಿ ಸುತ್ತಿದ್ದಾಳೆ ಎಂದರೆ ನಾಬಿಗೇ ಜಾಗ ಸಾಲದು — ವೇಗವನ್ನು ತೀರಾ ಕೆಳಗಿಳಿಸಿದರೆ ಸಮುದ್ರದ ತಳದಲ್ಲಿ ತಿಮಿಂಗಿಲ ಆಕಳಿಸಿದ ಹಾಗೆ, ಒಂದು ಸ್ವರ ಮೀಟಿ ಹೋಗಿ ಸ್ನಾನ ಮಾಡಿ ಬರಬಹುದು, ಅಲೆ ಇನ್ನೂ ಅರ್ಧ ಏರಿರುತ್ತದೆ, ಸ್ವಲ್ಪ ಏರಿಸಿದರೆ ತಿರುಗುವ ಕುರ್ಚಿಯಲ್ಲಿ ಕೂತು ಯಾರೋ ಗುನುಗಿದ ಹಾಗೆ, ಹತ್ತಿರ ಬಂದು ದೂರ ಹೋಗಿ ಹತ್ತಿರ ಬಂದು, ಪೂರ್ತಿ ತಿರುಗಿಸಿದರೆ ಚಳಿಜ್ವರ ಹಿಡಿದ ಸೊಳ್ಳೆ, ಆಳವನ್ನು ಹೆಚ್ಚಿಸಿದರೆ ದನಿ ಬಾಯ್ತುಂಬ ನೀರು ಹಾಕಿಕೊಂಡು ಮುಕ್ಕಳಿಸುತ್ತದೆ, ಪಕ್ಕದ ಸ್ವಿಚ್ಚನ್ನು ಮೇಲೆ ತಳ್ಳಿದರೆ ನೆಟ್ಟಗಿನ ದನಿಯೂ ಅಲೆಯೂ ಕೈಕೈ ಹಿಡಿದು ಬರುತ್ತವೆ, ಕೆಳಗೆ ತಳ್ಳಿದರೆ ಬರೀ ಅಲೆ, ಕುಡಿದವನು ಮೆಟ್ಟಿಲಿಳಿದ ಹಾಗೆ ಸ್ವರ ಗೋಡೆ ಗೋಡೆಗೆ ಬಡಿದುಕೊಂಡು ಬರುತ್ತದೆ — ಎಲ್ಲ ಇವೆ, ಎಲ್ಲ ಸೊಗಸು, ಎಲ್ಲ ಸಮ, ಅಳತೆಗೋಲು ಇಟ್ಟು ಗೀಚಿದಂತೆ ಸಮ, ಬೆಳಿಗ್ಗೆ ಇದೇ ಸಮಕ್ಕೆ ಎದೆಯುಬ್ಬಿಸಿದ್ದ, ಸ್ಕ್ರೂಡ್ರೈವರ್ ಹಿಡಿದು ಆ ಸ್ಕ್ರೂವನ್ನು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ, ಬಲ್ಬಿನ ಕುಂಟು ನಿಂತಿತು, ಭೇಷ್ ಎಂದುಕೊಂಡ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕದೆ ಮೊಣಕಾಲು ತಟ್ಟಿಕೊಂಡ, ತಿರುಗಿಸುವ ಮೊದಲು ಅದರ ಸೀಳು ಯಾವ ಕಡೆ ಮುಖ ಮಾಡಿತ್ತು ಎಂದು ಒಂದು ಪೆನ್ಸಿಲ್ ಗೆರೆಯಾದರೂ, ಒಂದು ಗೀರಾದರೂ — ರೇಡಿಯೋ ಬಿಚ್ಚುವ ಯಾವ ದಡ್ಡನೂ ಮೊದಲು ಮಾಡುವುದು ಅದೇ, ಅಕ್ಕನ ರಿಪೇರಿ ಅಂಗಡಿಯಲ್ಲಿ ಕಾಲು ಚಾಚಿ ಕೂತು ಅವಳು ಹಾಗೆ ಗುರುತು ಹಾಕುವುದನ್ನು ಸಾವಿರ ಸಲ ನೋಡಿದ್ದಾನೆ, ಲಕ್ಷ ಸಲ ನೋಡಿದ್ದಾನೆ, ನೋಡುತ್ತ ತನ್ನ ಗಿಟಾರಿನ ಪ್ರತಾಪ ಕೊಚ್ಚುತ್ತಿದ್ದ, ಅವಳು ಬೆಸುಗೆಯ ಹೊಗೆಯೊಳಗಿಂದ ತಲೆಯೆತ್ತದೆ ಹೂಂ ಹೂಂ ಎನ್ನುತ್ತಿದ್ದಳು, ಸಾಕು ಬಾರೋ ಬಡಾಯಿ, ಈ ವೈರು ಹಿಡ್ಕೋ, ಬಾಯಿ ಖಾಲಿ ಇಲ್ದಿದ್ರೂ ಕೈ ಖಾಲಿ ಇದೆಯಲ್ಲ. ಬಡಾಯಿ, ಅದೇ ಅವಳಿಟ್ಟ ಹೆಸರು, ಹುಟ್ಟಿದಾಗ ಇಟ್ಟದ್ದು ಅವನಿಗೇ ಮರೆತಿದೆ, ಹೋಟೆಲುಗಳಲ್ಲಿ ಸಭಾಂಗಣಗಳಲ್ಲಿ ನುಡಿಸುವಾಗ ಅನೌನ್ಸ್ ಮಾಡುವವನೂ ಅದೇ ಹೆಸರು ಹಿಡಿದು ಕೂಗುತ್ತಿದ್ದ, ಆಗ ಈ ಪೆಟ್ಟಿಗೆ ಕಾಲಡಿ ಇರುತ್ತಿತ್ತು, ಒತ್ತಿದ ಕೂಡಲೇ ಸಭೆಯಲ್ಲಿ ಚಮಚ ತಟ್ಟೆಗೆ ತಾಗುವ ಸದ್ದು ನಿಲ್ಲುತ್ತಿತ್ತು, ಮಕ್ಕಳು ಅಳು ನಿಲ್ಲಿಸುತ್ತಿದ್ದವು, ಗೋಡೆಯ ಗಡಿಯಾರ ಕೂಡ ಒಂದು ಟಿಕ್ ಬಿಟ್ಟು ಕೇಳುತ್ತಿತ್ತು, ಇದೇನು ಸಾರ್ ಈ ಸದ್ದು, ಎಲ್ಲಿ ಸಿಗತ್ತೆ ಈ ಪೆಡಲ್ಲು ಎಂದು ಡ್ರಮ್ ಬಾರಿಸುವವನಿಂದ ಹಿಡಿದು ಕುರ್ಚಿ ಜೋಡಿಸುವವರವರೆಗೆ ಕೇಳುತ್ತಿದ್ದರು, ಆಗ ಇವನು, ಆಗ ಈ ಬಾಯಿ — ಇದಾ, ಇದು ಕಡಲಾಚೆಯದು ಕಣ್ರೀ, ಒಬ್ಬ ಮುದುಕ ಬೆಟ್ಟದ ತುದೀಲಿ ಕೂತು ಮಾಡಿದ್ದು, ಜಗತ್ತಿನಲ್ಲಿ ಏಳೇ ಏಳು ಇವೆ, ಏಳನೇದು ಮಾಡಿ ಮುಗಿಸಿ ಅವನು ಪ್ರಾಣ ಬಿಟ್ಟ — ಹಿಂದೆ ವೈರಿನ ಸುರುಳಿ ಸುತ್ತುತ್ತ ನಿಂತಿದ್ದಳು ಅಕ್ಕ, ಬೆರಳ ತುದಿಯಲ್ಲಿ ಬೆಸುಗೆ ಸುಟ್ಟ ಬೊಬ್ಬೆ, ಕೇಳಿಸಿಕೊಂಡಳು, ಆಗ ಅವಳ ಕಿವಿ ಹದ್ದಿನ ಕಣ್ಣಿಗಿಂತ ಚುರುಕು, ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತು ಬೆನ್ನಿಗೆ ಗುದ್ದಿದಳು, ಅಲ್ಲಾ ಕಣೋ, ಉಳಿದ ಆರು ಎಲ್ಲಿಟ್ಟಿದೀಯ, ನನ್ನ ಸಮಾಧಿ ಎಲ್ಲಿ ಕಟ್ಟಿಸಿದೀಯ, ಬೆಟ್ಟದ ಮೇಲೇ ತಾನೆ, ಗಾಳಿ ಚೆನ್ನಾಗಿರತ್ತಲ್ಲ ಎಂದು ನಕ್ಕಳು, ಇವನೂ ನಕ್ಕ, ನಗುತ್ತಲೇ ಇಬ್ಬರ ಮನೆಯೂ ಬಂತು, ಬೇರೆ ಬೇರೆ ಬೀದಿ, ಬೇರೆ ಬೇರೆ ಸಂಸಾರ, ಮಾರನೆಯ ಕಾರ್ಯಕ್ರಮದಲ್ಲಿ ಮುದುಕನಿಗೆ ಒಂದು ಗಡ್ಡವೂ ಬಂತು, ಇದು ನಮ್ಮ ಅಕ್ಕ ಮಾಡಿದ್ದು ಅನ್ನಲು ಎಷ್ಟು ಉಸಿರು ಬೇಕಿತ್ತು, ಗಡ್ಡದ ಮುದುಕನಿಗೆ ಬೇಕಾದದ್ದಕ್ಕಿಂತ ಕಡಿಮೆಯೇ ತಾನೆ, ಅಂದಿದ್ದರೆ ತಂತಿ ಹರಿಯುತ್ತಿತ್ತೇ.

ತಂತಿ, ಹೌದು, ಮೀಟು, ಯೋಚಿಸಬೇಡ, ಸ್ಕ್ರೂವನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸುತ್ತಾನೆ, ಬಲ್ಬು ಮಂಕಾಯಿತು, ದನಿ ಕಂಬಳಿ ಹೊದ್ದಿತು, ಇದಲ್ಲ, ಕೂದಲೆಳೆಯಷ್ಟು ಬಲಕ್ಕೆ, ಬಲ್ಬು ಕಣ್ಣು ಕಿಸಿಯಿತು, ದನಿ ತೆಳ್ಳಗಾಗಿ ಹಲ್ಲುಜ್ಜಿದಂತಾಯಿತು, ಇದೂ ಅಲ್ಲ, ಹಾಳು ಸ್ಕ್ರೂ, ಆಕಾಶದಲ್ಲಿರುವ ನಕ್ಷತ್ರಗಳಿಗಿಂತ ಹೆಚ್ಚು ಜಾಗಗಳಿವೆ ಅದರ ಒಂದು ಸುತ್ತಿನಲ್ಲಿ, ಅಕ್ಕ ಹೇಗೆ ಹಿಡಿದಳೋ, ಒಂದೇ ಒಂದನ್ನು ಹೇಗೆ ಹಿಡಿದು ಅದರ ತಲೆಗೆ ಚುಕ್ಕೆ ಇಟ್ಟಳೋ, ನಿನ್ನೆ ಫೋನು ಮಾಡಿದ್ದಳು, ಮೊದಲಿನ ಹಾಗಲ್ಲ ಈಗ ಅವಳ ಫೋನು, ಇವನು ಊರಿಗೆಲ್ಲ ಕೇಳುವಂತೆ ಅರಚಬೇಕು, ಬಲಗಿವಿ ಬಾಗಿಲು ಹಾಕಿದೆ ಕಣೋ, ಎಡಗಿವಿ ಅರ್ಧ ಶಟರ್ ಎಳ್ಕೊಂಡಿದೆ, ನಾಡಿದ್ದು ಕಿವಿಗೆ ಮಿಷನ್ ಹಾಕ್ತಾರಂತೆ, ಹಾಕಿದ ಮೇಲೆ ಎಲ್ಲಾ ತಗಡು ಬಡಿದ ಹಾಗೇ ಕೇಳೋದಂತೆ, ಅದಕ್ಕೇ ನಾಳೆ ಮಧ್ಯಾಹ್ನ ಬರ್ತೀನಿ, ಆ ಪೆಡಲ್ಲು ಇಟ್ಟಿದೀಯ ತಾನೆ, ನನ್ನ ಸ್ವಂತ ಕಿವಿ ಒಂಚೂರು ಇರೋವಾಗ್ಲೇ ಒಂದ್ಸಲ ಕೇಳ್ಬಿಡ್ತೀನಿ, ಆಮೇಲೆ ಮಿಷನ್ನಾದ್ರೂ ಹಾಕ್ಲಿ ಮಡಕೆನಾದ್ರೂ ಮುಚ್ಲಿ. ಇಷ್ಟೇ ಅಂದಳು, ಯಾಕೆ ಅದನ್ನೇ ಕೇಳಬೇಕು ಎಂದು ಇವನು ಕೇಳಲಿಲ್ಲ, ಕೇಳುವುದಕ್ಕೇನಿದೆ, ತಮ್ಮನ ಕೈಯ ಗಿಟಾರು ಕೇಳಲು ಸತ್ತವರೂ ಎದ್ದು ಬರುತ್ತಾರೆ ಎಂಬ ಭರವಸೆ, ಬೆಳಿಗ್ಗೆ ಅಲೆಯನ್ನು ನೆಟ್ಟಗೆ ಮಾಡಿದವನೇ ತಡೆಯಲಾರದೆ ತಾನೇ ಫೋನು ಮಾಡಿದ, ಅಕ್ಕಾ, ನಿನ್ನ ಪೆಟ್ಟಿಗೆ ಹೇಗಾಗಿದೆ ಗೊತ್ತಾ, ಈಗ ರೇಷ್ಮೆ, ರೇಷ್ಮೆ — ಏನು, ಜೋರಾಗಿ ಹೇಳೋ, ಎಡಗಿವೀಲಿಟ್ಟಿದೀನಿ — ರೇಷ್ಮೆ ಅಂದೆ, ಚೆನ್ನಾಗಿದೆ ಅಂದೆ — ಚೆನ್ನಾಗಿರಕ್ಕೆ ಅದೇನು ಹೊಸ ಸೊಸೆಯೇನೋ, ಅದು ಕುಂಟತ್ತೆ, ಕುಂಟ್ಲಿ ಅಂತಾನೇ ಮಾಡಿದ್ದು, ಒಳಗೆ ಸ್ಕ್ರೂ ಮೇಲೆ ನನ್ನ ನೇಲ್ ಪಾಲಿಶ್ ಚುಕ್ಕೆ ಇದೆ ನೋಡು, ಕೆಂಪು, ಅಲುಗಾಡದೆ ಇರ್ಲಿ ಅಂತ ಹಾಕಿದ್ದು, ಅದೊಂದನ್ನ ಮುಟ್ಬೇಡಪ್ಪ, ಅದು ಅಮ್ಮನ ಫ್ಯಾನು. ಅಮ್ಮನ ಫ್ಯಾನು ಎಂದ ಕೂಡಲೇ ಇವನಿಗೆ ಕೇಳಿಸಿತು, ಫೋನಿನಲ್ಲಲ್ಲ, ಕೋಣೆಯಲ್ಲೂ ಅಲ್ಲ, ಇಷ್ಟು ವರ್ಷ ಕಾಲಡಿಯಲ್ಲಿ ತುಳಿದುಕೊಂಡು ನುಡಿಸಿದಾಗ ಒಮ್ಮೆಯೂ ಕೇಳಿಸದೆ ಇದ್ದದ್ದು — ಹೊಲಿಗೆ ಯಂತ್ರದ ಮುಂದೆ ಅಮ್ಮ, ಅವಳ ಪಕ್ಕದ ಸ್ಟೂಲಿನ ಮೇಲೆ ಹಸಿರು ಟೇಬಲ್ ಫ್ಯಾನು, ಬಟ್ಟೆ ಹಾರದ ಹಾಗೆ ತೀರಾ ನಿಧಾನಕ್ಕೆ ತಿರುಗುವುದು, ಅದರ ಒಂದು ರೆಕ್ಕೆ ಸೊಟ್ಟ, ಒಳಗೆ ಸ್ಕೇಲು ತುರುಕಿ ಸೊಟ್ಟ ಮಾಡಿದವಳು ಅಕ್ಕ, ಏಟು ತಿಂದವನು ಇವನು, ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೊಲಿಯುತ್ತ ಗುನುಗುತ್ತಿದ್ದಳು, ಹಾಡಲ್ಲ, ಸೂಜಿ ಕಚ್ಚಿದವಳು ಹಾಡುವುದು ಹೇಗೆ, ಬರೀ ಮ್‌ಮ್‌ಮ್ ಎಂದು ಮೂರೇ ಸ್ವರ, ಇವರಿಬ್ಬರೂ ಫ್ಯಾನಿನ ಹಿಂದೆ ನೆಲದಲ್ಲಿ ಮಲಗಿ ಕೇಳುತ್ತಿದ್ದರು, ರೆಕ್ಕೆಗಳು ಅವಳ ದನಿಯನ್ನು ತುಂಡು ತುಂಡು ಮಾಡಿ ಈಚೆ ಕೊಡುತ್ತಿದ್ದವು, ಸೊಟ್ಟ ರೆಕ್ಕೆ ಬಂದಾಗ ಒಂದು ತುಂಡು ತಡವಾಗಿ ಬರುತ್ತಿತ್ತು, ಮ್ಮ, ಮ್ಮ, ಮ್‌ಮ್ಮ, ಮ್ಮ, ಮ್ಮ, ಮ್‌ಮ್ಮ, ಕುಂಟುತ್ತ, ಕುಂಟುತ್ತ, ಅದನ್ನು ಕೇಳುತ್ತಲೇ ನಿದ್ದೆ ಬರುತ್ತಿತ್ತು. ಅಮ್ಮನ ಫೋಟೋಗಳಿವೆ, ಅವಳು ಹೊಲಿದ ದಿಂಬಿನ ಚೀಲ ಇದೆ, ದನಿ ಎಲ್ಲೂ ಇಲ್ಲ, ಯಾರೂ ಹಿಡಿದಿಡಲಿಲ್ಲ, ಅಕ್ಕ ಹಿಡಿದಿಟ್ಟಿದ್ದಳು, ಬಲ್ಬು ಮತ್ತು ಸ್ಕ್ರೂ ಇಟ್ಟುಕೊಂಡು, ಮೊದಲೇ ಯಾಕೆ ಹೇಳಲಿಲ್ಲ ಅಕ್ಕ ಎಂದು ಅರಚಿದ, ಅವಳು ಆ ಕಡೆ ನಕ್ಕಳು, ಹೇಳೋದೇನೋ ಅದರಲ್ಲಿ, ನಿಂಗೆ ಗೊತ್ತಾಗಿರತ್ತೆ ಅಂದ್ಕೊಂಡೆ, ಅಂಥಾ ಕಿವಿ ನಿಂದು, ಇರುವೆ ಸೀನಿದ್ರೂ ಕೇಳ್ಸತ್ತೆ, ಏನು, ಚುಕ್ಕೆ ಹಾಗೇ ಇದೆ ತಾನೆ — ಇದೆ ಅಕ್ಕ, ದಾಳಿಂಬೆ ಕಾಳಿನ ಹಾಗೆ ಹೊಳೀತಿದೆ ಎಂದಿತು ಅವನ ಬಾಯಿ, ಅವನನ್ನು ಕೇಳದೆ ಎಂದಿತು, ಕೈ ಫೋನು ಹಿಡಿದಿತ್ತು, ಹೆಬ್ಬೆರಳು ಮುಂದಿತ್ತು, ಉಗುರಿನ ಸಂದಿಯಲ್ಲಿ ಕೆಂಪು.

ಆಗಿನಿಂದ ತಿರುಗಿಸುತ್ತಲೇ ಇದ್ದಾನೆ, ಊಟ ಬೇಡ ಎಂದು ಹೆಂಡತಿಗೆ ಹೇಳಿ ಕಳಿಸಿದ, ಅವಳು ಬಾಗಿಲಲ್ಲಿ ನಿಂತು, ಅಕ್ಕ ಬರ್ತಾರೆ ಅಂದ್ರೆ ಇಷ್ಟು ಅಭ್ಯಾಸ, ನಾನು ಮದುವೆಯಾಗಿ ಬಂದಾಗ ಒಂದು ತಂತಿನೂ ಮೀಟ್ಲಿಲ್ಲ ಎಂದು ಚುಚ್ಚಿ ಹೋದಳು, ಹೋಗಲಿ, ಮ್‌ಮ್‌ಮ್ ಎಂಬ ಮೂರು ಸ್ವರವನ್ನು ಮೀಟುತ್ತಾನೆ, ಎಡಗೈಯಲ್ಲಿ ಸ್ಕ್ರೂ, ಇನ್ನೂ ಎಡಕ್ಕೆ, ಇನ್ನೂ, ಈ ಕಡೆ ಹೋದರೆ ನೀರಿನ ಕೊಳಾಯಿ, ಆ ಕಡೆ ಹೋದರೆ ನಾಯಿ ಬಾಲ ಬಡಿದ ಹಾಗೆ, ಇಲ್ಲಿ ಯಾರೋ ಮುನಿಸಿಕೊಂಡು ಬಾಗಿಲ ಹಿಂದೆ ನಿಂತು ಮಾತಾಡಿದ ಹಾಗೆ, ಇಷ್ಟು ದನಿಗಳು ಇದರಲ್ಲಿದ್ದವೆಂದು ಇಷ್ಟು ವರ್ಷ ತಿಳಿಯಲೇ ಇಲ್ಲ, ಒಂದನ್ನೇ ಒತ್ತಿ ಒತ್ತಿ ಚಪ್ಪಾಳೆ ಗಿಟ್ಟಿಸಿದ, ಆ ಒಂದೂ ಯಾವುದೆಂದು ತಿಳಿಯಲಿಲ್ಲ, ಕುಂಟುವಂತೆ ಮಾಡುವುದೇನೂ ಕಷ್ಟವಲ್ಲ, ನೂರು ಥರ ಕುಂಟಿಸಬಹುದು, ಕುದುರೆಯ ಕುಂಟು ಬಂತು, ಮುರಿದ ಗಡಿಯಾರದ ಕುಂಟು ಬಂತು, ಬೇಕೆಂದೇ ನಾಟಕ ಮಾಡುವವರ ಕುಂಟು ಬಂತು, ಅಮ್ಮನದು ಮಾತ್ರ — ತಡಿ — ತಡಿ, ಉಸಿರಾಡಬೇಡ — ಮ್ಮ, ಮ್ಮ, ಮ್‌ಮ್ಮ — ಬಂತು, ಆಂಪ್ಲಿಫೈಯರಿನ ಮುಂದಿನ ಬಟ್ಟೆಯೊಳಗಿಂದ ಬಂತು, ಸೂಜಿ ಕಚ್ಚಿದ ತುಟಿಗಳ ಹಿಂದಿನಿಂದ, ಯಂತ್ರದೆಣ್ಣೆಯ ವಾಸನೆ ಸಮೇತ, ನೆಲದ ತಂಪು ಬೆನ್ನಿಗೆ ತಾಗಿತು, ಪಕ್ಕದಲ್ಲಿ ಅಕ್ಕನ ಜಡೆ, ಅಮ್ಮ ಇನ್ನೇನು ಸೂಜಿ ತೆಗೆದು, ಎದ್ದೇಳ್ರೋ ಧೂಳಲ್ಲಿ ಮಲಗ್ತೀರ ಅನ್ನಬೇಕು, ಸಿಕ್ತು, ಸಿಕ್ಕೇಬಿಡ್ತು, ಲೇ ಬಾರೇ ಇಲ್ಲಿ ಎಂದು ಹೆಂಡತಿಯನ್ನು ಕೂಗುತ್ತ, ನೋಡು ಈ ಕೈಯ ಗುಣ ಎಂದು ಎದ್ದೇಬಿಟ್ಟ, ಮೂರು ಲೋಕಕ್ಕೂ ಸಾರಬೇಕೆಂಬ ಅವಸರ, ಸ್ಕ್ರೂಡ್ರೈವರ್ ಇನ್ನೂ ಸೀಳಿನಲ್ಲೇ ಇತ್ತು, ಕೈ ಅದರ ಮೇಲೇ ಇತ್ತು, ಎದ್ದ ರಭಸಕ್ಕೆ ಕೈ ತಿರುಗಿತು, ಸ್ಕ್ರೂ ತಿರುಗಿತು, ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು, ರೇಷ್ಮೆ. ಒಂದು ಗೆರೆ ಎಳೆದು ಗುರುತು ಹಾಕಿ ಆಮೇಲೆ ಕೂಗಬಾರದಿತ್ತೇ, ಒಂದು ಕ್ಷಣ ಬಾಯಿ ಮುಚ್ಚಿಕೊಂಡಿರಬಾರದಿತ್ತೇ, ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು, ಏನ್ರೀ ಅದು ಎಂದಳು, ಏನಿಲ್ಲ ಎಂದ, ಏನಿಲ್ಲದಕ್ಕೇ ಇಷ್ಟು ಕೂಗಾಟ, ಏನಾದ್ರೂ ಇದ್ದಿದ್ರೆ ಮನೆ ಹೆಂಚು ಹಾರ್ತಿತ್ತು ಎಂದು ಅವಳು ತಿರುಗಿದಳು, ಬಾಗಿಲ ಗಂಟೆ ಹೊಡೆದುಕೊಂಡಿತು, ಅಕ್ಕ, ಇನ್ಯಾರು, ಗಂಟೆ ತನಗೇ ಕೇಳಿಸುವವರೆಗೂ ಒತ್ತುತ್ತಾಳೆ ಈಗ.

ಬೇಗ ಬೇಗ ಹಿಂದಿನ ತಗಡು ಮುಚ್ಚುತ್ತಾನೆ, ಮೂಲೆಯ ತಿರುಪುಗಳನ್ನು ಬಿಗಿಯುತ್ತಾನೆ, ಹೊಟ್ಟೆ ಹೊಲಿದ ಹಾಗೆ, ಅಕ್ಕ ಬಂದಳು, ಕುಳ್ಳಗಾಗಿದ್ದಾಳೆ, ಕನ್ನಡಕ ದಪ್ಪಗಾಗಿದೆ, ನೋಡಿದ್ಯೇನೋ ಬಡಾಯಿ, ನಿನ್ನ ಬಡಾಯಿ ಅರ್ಧಕ್ಕರ್ಧ ಕೇಳ್ಸದೇ ಇರೋ ಭಾಗ್ಯ ನಂಗೆ ಬಂತು ಎಂದಳು, ನಕ್ಕಳು, ನೀರು ಕುಡಿದಳು, ಕಾಫಿ ಆಮೇಲೆ ಎಂದಳು, ಸ್ಟೂಲನ್ನು ತಾನೇ ಎಳೆದು ಆಂಪ್ಲಿಫೈಯರಿಗೆ ಒತ್ತಿ ಕೂತಳು, ಅಂಗೈಯನ್ನು ಅದರ ನೆತ್ತಿಯ ಮೇಲಿಟ್ಟು, ಎಡಗಿವಿಯನ್ನು ಮುಂದಿನ ಬಟ್ಟೆಗೆ ಅಂಟಿಸಿ, ಕಣ್ಣು ಮುಚ್ಚಿ, ಹೂಂ ನುಡಿಸು, ನಿನ್ನ ಸರ್ಕಸ್ಸು ಬೇಡ, ಅಮ್ಮಂದೇ ಮೂರು ಸ್ವರ ಸಾಕು — ಹೇಳಿಬಿಡಬೇಕು ಈಗಲೇ, ನುಡಿಸುವ ಮೊದಲೇ, ಆದರೆ ಬೆರಳು ಮೊದಲೇ ಹೊರಟಿತು, ಪಾದ ಪೆಡಲನ್ನು ಒತ್ತಿತು, ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು, ಅಕ್ಕನ ಹುಬ್ಬು ಗಂಟಾಯಿತು, ಇನ್ನೊಂದ್ಸಲ ಎಂದಳು, ನುಡಿಸಿದ, ಇನ್ನೊಂದ್ಸಲ, ಜೋರಾಗಿಡು, ಜೋರಾಗಿಟ್ಟ, ಕಿಟಕಿಯ ಗಾಜು ಗುಂಯ್ ಎಂದಿತು, ಅವಳು ಕಿವಿಯನ್ನು ಇನ್ನೂ ಒತ್ತಿದಳು, ಕೆನ್ನೆ ಬಟ್ಟೆಗೆ ಸಿಕ್ಕಿ ಸೊಟ್ಟಗಾಯಿತು, ಕುಂಟ್ತಾ ಇಲ್ವಲ್ಲೋ ಅದು ಎಂದಳು, ತನಗೆ ತಾನೇ ಹೇಳಿಕೊಂಡಂತೆ, ಕೇಳಿಸಿದೆ, ಅವಳಿಗೆ ಸರಿಯಾಗಿ ಕೇಳಿಸಿದೆ, ಅರ್ಧ ಶಟರ್ ಎಳೆದ ಕಿವಿಗೆ ಇವನ ಪೂರ್ತಿ ತೆರೆದ ಕಿವಿಗೆ ಕೇಳಿಸದೆ ಇದ್ದದ್ದೆಲ್ಲ ಕೇಳಿಸಿದೆ, ಅಕ್ಕಾ ಎಂದ, ಎಷ್ಟು ಮೆಲ್ಲಗೆ ಎಂದನೆಂದರೆ ಅವನಿಗೇ ಕೇಳಿಸಲಿಲ್ಲ, ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಅವನು ಒಂದು ಮಾತೂ ಆಡಿಲ್ಲ, ಅವಳು ಅಂಗೈ ತೆಗೆದಳು, ಕಣ್ಣು ತೆರೆದಳು, ಹೋಯ್ತು ಬಿಡು, ಈ ಕಿವೀನೂ ಹೋಯ್ತು ಕಣೋ, ನೀನು ಸರಿಯಾಗೇ ನುಡಿಸ್ತಿದೀಯ, ಚುಕ್ಕೆ ಹಾಗೇ ಇದೆ ಅಂದ್ಯಲ್ಲ, ನಂಗೇ ಅದು ಎಟುಕ್ತಿಲ್ಲ, ಒಂದು ವಾರ ಮುಂಚೆ ಬಂದಿದ್ರೆ ಕೇಳ್ತಿತ್ತೋ ಏನೋ, ನಂದೇ ಸೋಮಾರಿತನ, ನಿಂಗೆ ಕೇಳ್ತಿದೆ ತಾನೆ, ಅಷ್ಟು ಸಾಕು ಬಿಡು, ಒಬ್ಬರಿಗಾದ್ರೂ ಕೇಳ್ತಿರ್ಲಿ ಎಂದು ಅವನ ಮಂಡಿಯ ಮೇಲೆ ಕೈಯಿಟ್ಟು, ನುಡಿಸು, ನೀನು ಕೇಳ್ಕೋ, ನಾನು ನಿನ್ನ ಮುಖ ನೋಡ್ತೀನಿ ಎಂದಳು, ನೋಡುತ್ತಿದ್ದಾಳೆ, ಹೇಳಬೇಕು, ನಿನ್ನ ಕಿವಿ ಹೋಗಿಲ್ಲ ಅಕ್ಕ ಎಂದರೆ ಸಾಕು, ಉಳಿದದ್ದು ತಾನೇ ಹೊರಡುತ್ತದೆ, ಬೆಟ್ಟದ ಮುದುಕನಿಗೆ ಗಡ್ಡ ಬರಿಸಿದ ಬಾಯಿ ಇದು, ತೆರೆದಿದೆ, ತೆರೆದೇ ಇದೆ, ಪೆಟ್ಟಿಗೆಯೊಳಗೆ ಕತ್ತಲಲ್ಲಿ ಬಲ್ಬು ಉಬ್ಬುತ್ತಿದೆ, ಇಳಿಯುತ್ತಿದೆ, ಸಮನಾಗಿ, ತಂತಿಯ ಮೇಲೆ ಹೆಬ್ಬೆರಳು, ಮೀಟುತ್ತದೆ, ಉಗುರಿನ ಸಂದಿಯಲ್ಲಿ ಕೆಂಪು, ಮೀಟುತ್ತದೆ, ಕೆಂಪು, ಅಕ್ಕನ ದೃಷ್ಟಿ ಮುಖದಿಂದ ಕೈಗೆ ಇಳಿಯುತ್ತಿದೆ, ಹೆಬ್ಬೆರಳನ್ನು ಮಡಚಿಕೊಳ್ಳಬೇಕು, ಮಡಚಿದರೆ ಸ್ವರ ನಿಲ್ಲುತ್ತದೆ, ಕೆಂಪು, ಇಷ್ಟೇ ಇಷ್ಟು, ಆ ಕೆಂಪು ಚೂರು —